ಕೆಂಪು ಫ್ಯೂಸ್, ಹಳದಿ ಫ್ಯೂಸ್

ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಜನವಾಡ ದಾಟಿ ಔರಾದ ಕಡೆ ಕಾರು ಓಡಿಸಿದವರಿಗೆ ನನ್ನ ಸಂಕಟ ಗೊತ್ತಿರುತ್ತದೆ. ಮುಂದೆ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಹೋಗುತ್ತಿರುತ್ತದೆ. ಹಿಂದೆ ದೀಪವಿಲ್ಲ, ರಿಫ್ಲೆಕ್ಟರೂ ಇಲ್ಲ. ಕಬ್ಬಿನ ಸೋಗೆ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕ್ ಮೇಲೆ ನಿಂತಿರುತ್ತೇವೆ. ಹೊಸ ಕಾರಿನ ಹೆಡ್‌ಲೈಟ್ ಸಾಲದು ಅನ್ನಿಸಿದ್ದು ಈ ದಾರಿಯಲ್ಲೇ. ವಾರಂಟಿ ಇನ್ನೂ ಇತ್ತು. ಶೋರೂಮಿಗೆ ಹೋಗಿ ಕೇಳಬಹುದಿತ್ತು. ಮೊಬೈಲಿನಲ್ಲಿ ಯಾರೋ ಹುಡುಗ ಸಲೀಸಾಗಿ ಬಲ್ಬ್ ಬದಲಿಸುವುದನ್ನು ನೋಡಿ ನನಗೂ ಕೈ ತುರಿಸಿತು.

ಕಂಪನಿ ಬಲ್ಬ್ 60/55 ವ್ಯಾಟಿನದು. ಬೀದರಿನ ಅಂಗಡಿಯಲ್ಲಿ 100/90 ಕೇಳಿದೆ. ಅಂಗಡಿಯವರು ಬಲ್ಬಿನ ಜತೆ ರಿಲೇ ಇರುವ ವೈರಿಂಗ್ ಕಿಟ್ಟನ್ನೂ ಕೌಂಟರ್ ಮೇಲಿಟ್ಟರು. "ಇದೂ ಒಯ್ರಿ ಸರ, ಕರೆಂಟ್ ಸೀದಾ ಬ್ಯಾಟರಿಯಿಂದ ಬರ್ತದ, ಹಳೀ ವೈರ್ ಮ್ಯಾಲ ಲೋಡ್ ಬೀಳಂಗಿಲ್ಲ." ಮಾರಾಟದ ಮಾತೆಂದುಕೊಂಡು ಕಿಟ್ಟನ್ನು ಬಿಟ್ಟು, ಬಲ್ಬಷ್ಟೇ ತಂದು ಹಾಕಿದೆ.

ಲೆಕ್ಕ ಹೈಸ್ಕೂಲಿನದು. 12 ವೋಲ್ಟಿನಲ್ಲಿ 60 ವ್ಯಾಟಿನ ಬಲ್ಬ್ 5 ಆಂಪಿಯರ್ ಎಳೆದರೆ 100 ವ್ಯಾಟಿನದು 8ಕ್ಕೂ ಹೆಚ್ಚು ಎಳೆಯುತ್ತದೆ; ಎಂಜಿನ್ ಓಡುವಾಗ ವೋಲ್ಟೇಜ್ ಏರುವುದರಿಂದ ಇನ್ನೂ ಜಾಸ್ತಿ. ನನ್ನ ಕಾರಿನಲ್ಲಿ ಒಂದೊಂದು ಬದಿಗೂ ಇದ್ದದ್ದು 10 ಆಂಪಿಯರಿನ ಕೆಂಪು ಫ್ಯೂಸ್. ನಾನು ವಿಜ್ಞಾನದ ಮಾಸ್ತರ ಎಂಬುದನ್ನು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ.

ಕೌಠಾ ಸೇತುವೆ ಹತ್ತಿರ ಒಂದು ಕಣ್ಣು ಆರಿತು. ಫ್ಯೂಸ್ ಸುಟ್ಟಿತ್ತು. ಫ್ಯೂಸೇ ಕಳಪೆ ಎಂದು ತೀರ್ಮಾನಿಸಿ, ಮರುದಿನ ಎರಡೂ ಕಡೆ 20 ಆಂಪಿಯರಿನ ಹಳದಿ ಫ್ಯೂಸ್ ತುರುಕಿದೆ. ಫ್ಯೂಸ್ ಇರುವುದು ವೈರನ್ನು ಕಾಯಲು. ಅದು ಸುಡದಿದ್ದರೆ ಅದರ ಮುಂದಿನದು ಸುಡಬೇಕು. ಕೆಲವು ರಾತ್ರಿ ರಸ್ತೆ ಹಗಲಿನಂತೆ ಬೆಳಗಿತು. ಆಮೇಲೆ ಏಸಿ ಕಿಂಡಿಯಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಬಾನೆಟ್ ಎತ್ತಿ ರಬ್ಬರ್ ಟೊಪ್ಪಿಗೆ ಕಿತ್ತರೆ ಬಲ್ಬಿನ ಹೋಲ್ಡರ್ ಒಂದು ಮೂಲೆಯಲ್ಲಿ ಕರಗಿ ಬಲ್ಬಿನ ಕಾಲಿಗೆ ಅಂಟಿಕೊಂಡಿತ್ತು. ಎಳೆದಾಗ ಕಂದುಬಣ್ಣದ ಚೂರು ಕೈಗೆ ಬಂತು, ಹಿಂದಿನ ವೈರು ಬಿರುಸಾಗಿ, ಬಗ್ಗಿಸಿದಲ್ಲಿ ಸೀಳಿತ್ತು.

ಇಲ್ಲಿಯವರೆಗಿನದು ದಡ್ಡತನ. ಮುಂದಿನದಕ್ಕೆ ಆ ಹೆಸರು ಸಾಲದು. ಹಳೇ ಬಲ್ಬು, ಕೆಂಪು ಫ್ಯೂಸು ಮೊದಲಿನಂತೆ ಕೂಡಿಸಿ, ಹೋಲ್ಡರನ್ನು ಉಪ್ಪುಕಾಗದದಿಂದ ತಿಕ್ಕಿ, ಶೋರೂಮಿಗೆ ಒಯ್ದು "ತಾನೇ ಆರಿತು" ಎಂದೆ. ಮೆಕ್ಯಾನಿಕ್ ಹುಡುಗ ಟೊಪ್ಪಿಗೆ ತೆಗೆದು ಮೂಸಿ ನೋಡಿದ. "ಸರ, 60 ವ್ಯಾಟಿಗೆ ಹಿಂಗ ಕರಗಂಗಿಲ್ರಿ." ಫೋಟೋ ತೆಗೆದುಕೊಂಡ. ಹೋಗುವಾಗ ಡ್ಯಾಶ್‌ಬೋರ್ಡಿನ ಪುಟ್ಟ ಚಕ್ರವೊಂದನ್ನು 3ರಿಂದ 0ಗೆ ತಿರುಗಿಸಿದ. ಹಿಂದೆ ಭಾರ ತುಂಬಿದಾಗ ಬೆಳಕಿನ ಮೂತಿ ಕೆಳಗಿಳಿಸಲು ಇಟ್ಟ ಚಕ್ರವದು. ಕಾರು ಕೊಂಡಾಗಿನಿಂದ ನನ್ನ ದೀಪ ನೆಲ ನೋಡುತ್ತಿತ್ತು!

ಆಮೇಲೆ ಕಂಪನಿಯ ಕಾಗದದಲ್ಲಿ ಬಂದದ್ದು, ಗಾಡಿಯ ಇಡೀ ವಾರಂಟಿ ರದ್ದು ಅಂತ. ನನಗೂ ರೋಷ ಬಂತು. ಹುಡುಕಿದಾಗ ಭಾರತೀಯ ಸ್ಪರ್ಧಾ ಆಯೋಗದ 2014ರ ಆಗಸ್ಟ್ 25ರ ಆದೇಶ ಸಿಕ್ಕಿತು. 14 ಕಾರು ಕಂಪನಿಗಳಿಗೆ ₹2,544 ಕೋಟಿಗೂ ಹೆಚ್ಚು ದಂಡ ಹಾಕಿದ ಆ ಆದೇಶ ಮೇಲ್ಮನವಿಗೆ ಹೋಯಿತು, ನಿಜ. ಆದರೆ ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರಾ ರದ್ದು ಮಾಡಬಾರದು ಎಂದು ಅದರಲ್ಲಿತ್ತು. ಬೀದರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆದು, ಭಾಲ್ಕಿಯಲ್ಲಿ ವಕೀಲಿ ಮಾಡುವ ಅಕ್ಕನ ಮಗಳಿಗೆ ತೋರಿಸಿದೆ.

ಅವಳು ಓದಿ ಮುಗಿಸಿ, "ಮಾಮಾ, ಹಳದಿ ಫ್ಯೂಸ್ ಯಾರ ಹಾಕ್ಯಾರ? ಕಂಪನಿಯವ್ರಾ?" ಎಂದಳು. ಅದೇ ಆದೇಶದ ಇನ್ನೊಂದು ಸಾಲನ್ನು ಬೆರಳಿಟ್ಟು ತೋರಿಸಿದಳು: ತಪ್ಪು ರಿಪೇರಿಯಿಂದಲೇ ಆದ ಹಾನಿಯ ಮಟ್ಟಿಗೆ ಕಂಪನಿ ವಾರಂಟಿ ರದ್ದು ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 87ನೇ ಕಲಮೂ ಸರಕನ್ನು ಬದಲಾಯಿಸಿ ಬಳಸಿದವನ ಹಾನಿಗೆ ಮಾರಿದವನನ್ನು ಹೊಣೆ ಮಾಡುವುದಿಲ್ಲ. "ಲೈಟಿಂದು ಬಿಡ್ರಿ. ಲೈಟ್ ಸುಟ್ರ ಗೇರ್‌ಬಾಕ್ಸಿನ ವಾರಂಟಿ ಹೆಂಗ ಹೋಗ್ತದ ಅಂತ ಅಷ್ಟೇ ಕೇಳೋಣು."

ನಡೆದದ್ದನ್ನೆಲ್ಲ, ಉಪ್ಪುಕಾಗದವನ್ನೂ ಸೇರಿಸಿ, ಕಂಪನಿಗೆ ಬರೆದು ಕೊಟ್ಟೆವು. ಉತ್ತರ ಬರಲು ತಡವಾಯಿತು. ನಡುವೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಹಚ್ಚಿದೆ. ಕೊನೆಗೆ ಹೆಡ್‌ಲೈಟ್ ಮತ್ತು ಅದರ ವೈರಿಂಗ್ ಬಿಟ್ಟು ಉಳಿದದ್ದಕ್ಕೆ ವಾರಂಟಿ ಮರಳಿತು. ಮಳೆಗಾಲದಲ್ಲಿ ಹಿಂದಿನ ಬಾಗಿಲಿನ ಗಾಜಿನ ಮೋಟಾರು ಕೆಟ್ಟಾಗ ಪುಕ್ಕಟೆ ಹಾಕಿಕೊಟ್ಟರು. ವೈರಿಂಗ್ ಬಿಲ್ಲು ನಾನೇ ಕಟ್ಟಿದೆ.