ಒಂಬತ್ತು ತಟ್ಟೆ ಊಟ, ಅವ್ವನ ಒಂದು ಪ್ರಶ್ನೆ

ನಮ್ಮವ್ವ ಫೋನ್ ಎತ್ತಿದರೆ ಮೊದಲ ಮಾತು ಒಂದೇ: "ಏನ್ ಉಂಡಿಯವಾ?" ಧಾರವಾಡದ ಹಾಸ್ಟೆಲ್‌ನಲ್ಲಿ ಇದ್ದಾಗಲೂ ಇದೇ, ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೂ ಇದೇ. ರೊಟ್ಟಿ ಪಲ್ಯ, ಅನ್ನ ಸಾರು, ಉಪ್ಪಿಟ್ಟು ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಆದರೆ ಇಸ್ತಾನ್‌ಬುಲ್‌ನಿಂದ ಮಾತಾಡಿದ ಆ ಬೆಳಿಗ್ಗೆ ಉತ್ತರ ಹೇಳೋಕೆ ಅರ್ಧ ತಾಸು ಹಿಡಿಯಿತು. ಹಿಂದಿನ ರಾತ್ರಿ ನಾನು ಒಂದೇ ಊಟವನ್ನು ಒಂಬತ್ತು ತಟ್ಟೆಯಲ್ಲಿ ಉಂಡಿದ್ದೆ.

ಹಳ್ಳಿಗಳಲ್ಲಿ ವಿಡಿಯೊ ಮಾಡುವವರಿಗೆ ಒಂದು ವಾರದ ತರಬೇತಿ ಇತ್ತು. ನಮ್ಮ ಆಫೀಸಿನಿಂದ ನನ್ನನ್ನು ಕಳಿಸಿದ್ದರು. ಪಾಸ್‌ಪೋರ್ಟ್ ಮಾಡಿಸಿದ್ದೇ ಅದಕ್ಕೆ. ಕೊನೆಯ ರಾತ್ರಿ ತರಬೇತಿ ನಡೆಸಿದವರು ನಮ್ಮನ್ನೆಲ್ಲ ಊಟಕ್ಕೆ ಕರೆದರು. "ಹೊಸ ಕಾಲದ ತುರ್ಕಿ ಅಡುಗೆ, ಟೇಸ್ಟಿಂಗ್ ಮೆನು" ಅಂದರು. ನಾನು ಮಾಂಸ ತಿನ್ನೋದಿಲ್ಲ ಅಂತ ಎರಡು ದಿನ ಮೊದಲೇ ಕೇಳಿ ಬರೆದುಕೊಂಡಿದ್ದರು.

ಟೇಸ್ಟಿಂಗ್ ಮೆನು ಅಂದರೆ ಇಷ್ಟೇ: ನಾವು ಏನೂ ಆರಿಸುವ ಹಾಗಿಲ್ಲ. ಅಡುಗೆಯವರು ಏನು ಕೊಡಬೇಕು, ಯಾವುದರ ನಂತರ ಯಾವುದು ಅಂತ ಅವರೇ ನಿರ್ಧರಿಸಿರುತ್ತಾರೆ. ಒಂದೊಂದೇ ಚಿಕ್ಕ ತಟ್ಟೆ ಬರುತ್ತದೆ, ಎರಡು ಮೂರು ತುತ್ತು ಅಷ್ಟೇ. ಮುಗಿದ ಮೇಲೆ ಇನ್ನೊಂದು. ಮದುವೆಯ ಪಂಕ್ತಿಯಲ್ಲೂ ನಾವು ಆರಿಸೋದಿಲ್ಲ, ಬಡಿಸಿದ್ದನ್ನು ಉಣ್ಣುತ್ತೇವೆ. ಆದರೆ ಅಲ್ಲಿ "ಇನ್ನೊಂದು ಸ್ವಲ್ಪ ಹಾಕ್ರಿ" ಅನ್ನಬಹುದು. ಇಲ್ಲಿ ಅದಿಲ್ಲ. ಎಷ್ಟೇ ರುಚಿ ಇದ್ದರೂ ಒಂದೇ ಸಲ.

ಹೋಟೆಲಿನ ಹೆಸರು ಬೇಡ, ಇದು ಜಾಹೀರಾತಲ್ಲ. ಒಂದು ಹಳೇ ಕಟ್ಟಡದ ಮೇಲಿನ ಮಹಡಿ. ಕಿಟಕಿಯಿಂದ ಗಲಾಟಾ ಸೇತುವೆ ಕಾಣುತ್ತಿತ್ತು, ಅದರ ಮೇಲೆ ಸಾಲಾಗಿ ಗಾಳ ಹಿಡಿದು ನಿಂತ ಜನ. ಒಳಗೆ ಮೆಲ್ಲಗೆ ಮಾತಾಡುವ ಜನ. ನನ್ನ ಎಡಕ್ಕೆ ಮೂರು ಚಮಚ, ಬಲಕ್ಕೆ ಎರಡು ಚಾಕು. ಪಕ್ಕದಲ್ಲಿ ತರಬೇತಿಯ ತುರ್ಕಿ ಗೆಳತಿ ಕುಳಿತಿದ್ದಳು. ಆಕೆ ಯಾವುದನ್ನು ಎತ್ತುತ್ತಾಳೋ ಅದನ್ನೇ ನಾನೂ ಎತ್ತಿದೆ.

ಮೊದಲು ಬಂದದ್ದು ಒಂದೇ ತುತ್ತು. ಹಪ್ಪಳಕ್ಕಿಂತ ತೆಳ್ಳಗಿನ ರೊಟ್ಟಿಯ ಚೂರು, ಮೇಲೆ ಗಟ್ಟಿ ಮೊಸರು, ಅದರ ಮೇಲೆ ಕಪ್ಪು ನೇರಳೆ ಬಣ್ಣದ ಮೆಣಸಿನಪುಡಿ. ಅದು ಉರ್ಫಾ ಕಡೆಯ ಮೆಣಸಿನಕಾಯಿ, ಹೆಸರು ಇಸೋತ್. ಹಗಲು ಬಿಸಿಲಿಗೆ ಹರವುತ್ತಾರೆ, ರಾತ್ರಿ ಮುಚ್ಚಿಟ್ಟು ಬೆವರಿಸುತ್ತಾರೆ. ಅದಕ್ಕೇ ಆ ಬಣ್ಣ, ಆ ಹೊಗೆಯಂಥ ವಾಸನೆ. ಖಾರ ಕಡಿಮೆ. ನನಗೆ ನಮ್ಮ ಬ್ಯಾಡಗಿ ನೆನಪಾಯಿತು. ಅದೂ ಹಾಗೇ, ಬಣ್ಣ ಜಾಸ್ತಿ, ಖಾರ ಕಮ್ಮಿ.

ಆಮೇಲೆ ಒಣ ಬದನೆಕಾಯಿಯ ದೋಲ್ಮಾ. ಗಾಜಿಯಾಂತೆಪ್ ಕಡೆ ಬೇಸಿಗೆಯಲ್ಲಿ ಬದನೆಕಾಯಿಯ ತಿರುಳು ತೆಗೆದು, ದಾರಕ್ಕೆ ಪೋಣಿಸಿ ಒಣಗಿಸಿಡುತ್ತಾರೆ. ಚಳಿಗಾಲದಲ್ಲಿ ನೆನೆಸಿ, ಒಳಗೆ ಅಕ್ಕಿ ಮಸಾಲೆ ತುಂಬಿ ಬೇಯಿಸುತ್ತಾರೆ. ದೋಲ್ಮಾ ಅಂದರೇ ತುಂಬಿದ್ದು ಅಂತ. ನಮ್ಮ ಎಣ್ಣೆಗಾಯಿಯ ದೂರದ ನೆಂಟ. ಮನೆಯಲ್ಲಿ ನಾಲ್ಕು ಹಾಕಿಸಿಕೊಳ್ಳುತ್ತೇನೆ, ಇಲ್ಲಿ ಬಂದದ್ದು ಅರ್ಧ.

ಮೂರನೆಯದು ತರ್ಹಾನಾ. ಖಾಲಿ ಬಟ್ಟಲು ಇಟ್ಟು, ನಮ್ಮ ಕಣ್ಣೆದುರೇ ಹೂಜಿಯಿಂದ ಬಿಸಿ ಸಾರು ಹೊಯ್ದರು. ಹಿಟ್ಟು, ಮೊಸರು, ಟೊಮೆಟೊ, ಉಳ್ಳಾಗಡ್ಡಿ, ಮೆಣಸಿನಕಾಯಿ ಕಲಸಿ ಕೆಲವು ದಿನ ಹುಳಿ ಬರಿಸುತ್ತಾರೆ. ಆಮೇಲೆ ಬಟ್ಟೆಯ ಮೇಲೆ ಒಣಗಿಸಿ, ತಿಕ್ಕಿ ಪುಡಿ ಮಾಡಿಟ್ಟರೆ ಚಳಿಗಾಲಪೂರ್ತಿ ಸಾರು. ಗೆಳತಿ ಫೋನ್‌ನಲ್ಲಿ ಒಂದು ಫೋಟೊ ತೋರಿಸಿದಳು. ಮಾಳಿಗೆಯ ಮೇಲೆ ಬಿಳಿ ಬಟ್ಟೆ, ಸಾಲು ಸಾಲಾಗಿ ತರ್ಹಾನಾ, ಅಂಚಿನಲ್ಲಿ ಕೋಲು ಹಿಡಿದು ಕಾಯುತ್ತ ಕುಳಿತ ಅಜ್ಜಿ. ಹಿಂದೆ ಕಾಣುವ ಗುಡ್ಡ ತೆಗೆದರೆ ನಮ್ಮೂರಲ್ಲಿ ಸಂಡಿಗೆ ಕಾಯುವ ಯಾವ ಅಜ್ಜಿಯಾದರೂ ಆಗಬಹುದಿತ್ತು.

ಇಷ್ಟೊತ್ತಿಗೆ ನನ್ನ ಭಯ ಹೋಗಿತ್ತು. ಚಮಚ ತಪ್ಪಿದರೂ ಯಾರೂ ನೋಡುತ್ತಿರಲಿಲ್ಲ.

ಐದನೇ ತಟ್ಟೆಗೆ ಮೊದಲು ಬಡಿಸುವ ಹುಡುಗ ಒಂದು ಚಿಕ್ಕ ಗಾಜಿನ ಬಟ್ಟಲು ತಂದು ಮೇಜಿನ ನಡುವೆ ಇಟ್ಟ. ಅದರಲ್ಲಿ ಕಾಳು. ಬೇಯಿಸಿದ್ದಲ್ಲ, ತಿನ್ನಲೂ ಅಲ್ಲ, ತೋರಿಸೋಕೆ. "ಇದು ಕಾವುಲ್ಜಾ. ಕಾರ್ಸ್ ಕಡೆಯ ಹಳೇ ಗೋಧಿ. ಇನ್ನೇನು ಇಲ್ಲವಾಗಿಬಿಡುತ್ತಿತ್ತು" ಅಂದ. ಕಾರ್ಸ್ ತುರ್ಕಿಯ ಈಶಾನ್ಯ ಮೂಲೆಯ, ಬಹಳ ಚಳಿಯ ಸೀಮೆ.

ನಾನು ಒಂದು ಕಾಳು ಎತ್ತಿ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದೆ. ಹೊಟ್ಟು ಬಿಡಲಿಲ್ಲ. ಇನ್ನೊಂದು ತಿಕ್ಕಿದೆ. ಅದೂ ಬಿಡಲಿಲ್ಲ. ಉಗುರಿನಿಂದ ಸೀಳಿದೆ. ಒಳಗೆ ಒಂದಕ್ಕೊಂದು ಬೆನ್ನು ಹಚ್ಚಿಕೊಂಡ ಎರಡು ಕಾಳು. ನನಗೆ ಮೈ ಜುಮ್ ಅಂದಿತು. ಅದು ನಮ್ಮ ಜವೆ ಗೋಧಿ.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಕಪ್ಲಿ ಅಂತಲೂ, ಸದಕ ಅಂತಲೂ ಇದನ್ನು ಕರೆಯುತ್ತಾರೆ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಹುಗ್ಗಿ, ಮಾದ್ಲಿ, ಶ್ಯಾವಿಗೆಗೆ ಇದೇ ಬೇಕು. ವಿಜ್ಞಾನದವರು ಡೈಕಾಕಮ್ ಅನ್ನುತ್ತಾರೆ, ಎರಡು ಕಾಳಿನದು ಅಂತ ಅರ್ಥ. ಈಗಿನ ತುರ್ಕಿಯ ಆಗ್ನೇಯ ಭಾಗ, ಸಿರಿಯಾ, ಅದರ ಸುತ್ತಲ ನಾಡಿನಲ್ಲಿ ಸುಮಾರು 10,000 ವರ್ಷಗಳ ಹಿಂದೆ ಮನುಷ್ಯ ಬಿತ್ತಿ ಬೆಳೆಯಲು ಕಲಿತ ಮೊದಲ ಬೆಳೆಗಳಲ್ಲಿ ಇದೂ ಒಂದು. ಅಲ್ಲಿಂದ ಕೈಯಿಂದ ಕೈಗೆ ದಾಟುತ್ತ ನವಲಗುಂದದ ಎರೆ ಹೊಲದವರೆಗೆ ಬಂದಿದೆ. ನಾನು ಹೋದದ್ದು ವಿಮಾನದಲ್ಲಿ. ಅದು ನನಗಿಂತ ಬಹಳ ಮೊದಲೇ ಆ ದಾರಿಯಲ್ಲಿ ಬಂದಿತ್ತು.

ಕಾರ್ಸ್‌ನಲ್ಲಿ ಈ ಗೋಧಿಯ ಬುಲ್ಗುರನ್ನು, ಅಂದರೆ ಬೇಯಿಸಿ ಒಣಗಿಸಿ ಒಡೆದ ನುಚ್ಚನ್ನು, ಬಾತುಕೋಳಿ ಜಾತಿಯ ಹೆಬ್ಬಾತಿನ ಮಾಂಸದ ಜೊತೆ ಉಣ್ಣುತ್ತಾರೆ. ಎಲ್ಲರಿಗೂ ಅದೇ ಬಂತು, ನನಗೆ ಅಣಬೆಯ ಜೊತೆ. ಬೆಣ್ಣೆ ಹಾಕಿದ್ದರು. ಅಗಿದರೆ ಜವೆಯದೇ ಆ ಗಟ್ಟಿತನ, ಅದೇ ಸಿಹಿ. ಮೂರು ಚಮಚ ಇತ್ತು. ಮೆಲ್ಲಗೆ ತಿಂದೆ.

"ಇದು ನಮ್ಮ ಮನೆಯಲ್ಲೂ ಇತ್ತು" ಅಂದೆ. ಮೇಜಿನ ಸುತ್ತ ಇದ್ದವರು ಖುಷಿಪಟ್ಟರು. ಹುಡುಗ ಒಳಗೆ ಹೋಗಿ ಅಡುಗೆಯವರಿಗೂ ಹೇಳಿ ಬಂದ. "ಇತ್ತು" ಅಂದದ್ದನ್ನು ಯಾರೂ ಗಮನಿಸಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಇಂಥ ಹೋಟೆಲುಗಳು ಅಲ್ಲಿ ಹುಟ್ಟಿದ್ದಕ್ಕೆ ಒಂದು ಕತೆ ಇದೆ. ದೊಡ್ಡ ಊಟ ಅಂದರೆ ಫ್ರೆಂಚ್, ಇಟಾಲಿಯನ್. ತುರ್ಕಿ ಊಟ ಅಂದರೆ ಕಬಾಬು ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಮೂಸಾ ದಾಗ್‌ದೆವಿರೆನ್ ಎಂಬ ಅಡುಗೆಯವರು 1987ರಲ್ಲಿ ಕಾದಿಕೋಯ್‌ನಲ್ಲಿ ಚಿಯಾ ಎಂಬ ಸಾದಾ ಹೋಟೆಲ್ ತೆಗೆದರು. ಹಳ್ಳಿ ಹಳ್ಳಿಯ ಮರೆತ ಅಡುಗೆಗಳನ್ನು ಕೇಳಿ, ಬರೆದುಕೊಂಡು, ಮಾಡಿ ಬಡಿಸಿದರು. 2005ರಲ್ಲಿ ಮೆಹ್ಮೆತ್ ಗ್ಯುರ್ಸ್ ಎಂಬವರು ಮಿಕ್ಲಾ ಶುರು ಮಾಡಿದರು. ಅವರ ತಂಡವೂ ಆನಾತೋಲಿಯಾದ ಹಳ್ಳಿಗಳನ್ನು ತಿರುಗಿ ಕಾಳು, ಗಿಣ್ಣ, ಬೆಳೆಗಾರರನ್ನು ಹುಡುಕಿತು. 2022ರಲ್ಲಿ ಮಿಶೆಲಿನ್ ಗೈಡ್ ಇಸ್ತಾನ್‌ಬುಲ್‌ಗೆ ಬಂದಾಗ ನಕ್ಷತ್ರ ಸಿಕ್ಕ ಹೋಟೆಲುಗಳಲ್ಲಿ ಮಿಕ್ಲಾ ಕೂಡ ಇತ್ತು. ಹಳ್ಳಿಯ ಅಡುಗೆಯನ್ನು ತಲೆ ತಗ್ಗಿಸದೆ ದೊಡ್ಡ ಮೇಜಿಗೆ ತಂದರು. ಅದು ಸಣ್ಣ ಮಾತಲ್ಲ. ಹಾಸ್ಟೆಲ್‌ನಲ್ಲಿ ಮಾದ್ಲಿಯ ಡಬ್ಬಿಯನ್ನು ಟ್ರಂಕಿನಲ್ಲಿ ಬಚ್ಚಿಟ್ಟು ತಿಂದವಳು ನಾನು, ನನಗೆ ಅದರ ಬೆಲೆ ಗೊತ್ತು.

ಕೊನೆಗೆ ಕುಂಬಳಕಾಯಿಯ ಸಿಹಿ ಬಂತು. ಹತಾಯ್ ಕಡೆಯವರು ಕುಂಬಳಕಾಯಿಯನ್ನು ಸುಣ್ಣದ ತಿಳಿಯಲ್ಲಿ ನೆನೆಸಿ, ಆಮೇಲೆ ಪಾಕದಲ್ಲಿ ಬೇಯಿಸುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮೇಲೆ ಎಳ್ಳಿನ ಗೊಜ್ಜು, ಅಕ್ರೋಟ್. ನಂತರ ಚಿಕ್ಕ ಕಪ್ಪಿನಲ್ಲಿ ಕಾಫಿ. ಒಟ್ಟು ಮೂರು ತಾಸು. ಬಿಲ್ಲು ನಾನು ಕೊಡಲಿಲ್ಲ, ಆದರೆ ಒಬ್ಬರಿಗೆ ಎಷ್ಟು ಅಂತ ಮೆನುವಿನಲ್ಲಿ ಓದಿದ್ದೆ. ಅವ್ವ ಒಂದು ತಿಂಗಳು ದಿನಾ ಕಳೆ ತೆಗೆಯಲು ಹೋದರೆ ಬರುವ ಕೂಲಿ ಹೆಚ್ಚುಕಡಿಮೆ ಅಷ್ಟೇ.

ಮರುದಿನ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದೆ. ನಮಗೂ ಅಲ್ಲಿಗೂ ಎರಡೂವರೆ ತಾಸು ವ್ಯತ್ಯಾಸ, ಊರಲ್ಲಿ ಒಂಬತ್ತೂವರೆ. ಒಂಬತ್ತೂ ತಟ್ಟೆಯ ಕತೆ ಹೇಳಿದೆ. ಅರ್ಧ ಬದನೆಕಾಯಿ ಅಂದಾಗ ಅವ್ವ ನಕ್ಕಳು. ರೇಟು ಕೇಳಿದಳು, ನಾನು ಕಾಲು ಭಾಗ ಹೇಳಿದೆ. ಅದಕ್ಕೇ "ಅಯ್ಯ ನಮ್ಮಪ್ಪನ!" ಅಂದಳು. ಜವೆಯ ವಿಷಯ ಹೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದಳು.

"ಅದನ್ನ ಕುಟ್ಟಾವ್ರು ಯಾರಂತ?"

"ಕೇಳ್ಲಿಲ್ಲ ಬೇ."

"ನೀ ಯಾವಾಗ ಕೇಳಿದಿ?"

ಸಿಟ್ಟಿನಿಂದ ಅಂದ ಮಾತಲ್ಲ. ಆದರೂ ನನಗೆ ಅದು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ಮೂರು ವರ್ಷದ ಹಿಂದೆ ಇಲ್ಲೇ ನಾನು ಜವೆ ಗೋಧಿಯ ಬಗ್ಗೆ ಬರೆದಿದ್ದೆ. ನಿಮ್ಮಲ್ಲಿ ಕೆಲವರು ಓದಿರಬಹುದು. ಸಾವಿರಾರು ವರ್ಷದ ಬೀಜವನ್ನು ನಮ್ಮ ರೈತರು ಹೇಗೆ ಕೈಬಿಟ್ಟರು, ಇಳುವರಿಯ ಆಸೆಗೆ ರುಚಿ ಮರೆತರು ಅಂತ ಬೈದು ಬರೆದಿದ್ದೆ. ಮೂರು ಜನ ರೈತರನ್ನು ಮಾತಾಡಿಸಿದ್ದೆ, ಒಬ್ಬ ವ್ಯಾಪಾರಿಯನ್ನು ಮಾತಾಡಿಸಿದ್ದೆ. ಎಲ್ಲರೂ ಗಂಡಸರು. ನಮ್ಮ ಮನೆಯಲ್ಲೇ ಯಾಕೆ ಬಿತ್ತುವುದು ನಿಂತಿತು ಅಂತ ಅವ್ವನನ್ನು ಕೇಳಿರಲಿಲ್ಲ.

ಕೇಳಬೇಕಾಗಿಯೂ ಇರಲಿಲ್ಲ, ಕಣ್ಣಾರೆ ಕಂಡಿದ್ದೆ. ಬೇರೆ ಗೋಧಿ ಕಣದಲ್ಲೇ ಹೊಟ್ಟು ಬಿಡುತ್ತದೆ. ಜವೆ ಬಿಡೋದಿಲ್ಲ. ನೀರು ಚಿಮುಕಿಸಿ, ಒರಳಿಗೆ ಹಾಕಿ, ಒನಕೆಯಿಂದ ಕುಟ್ಟಬೇಕು. ಕೇರಬೇಕು, ಒಣಗಿಸಬೇಕು, ಮತ್ತೆ ಕುಟ್ಟಬೇಕು. ಅಜ್ಜಿ ಮತ್ತು ಅವ್ವ ಎದುರುಬದುರು ನಿಂತು ಒಬ್ಬರಾದ ಮೇಲೊಬ್ಬರು ಒನಕೆ ಹಾಕುತ್ತಿದ್ದರು. ಅಜ್ಜಿಗೆ ಆಗದಂತಾದ ಮೇಲೆ ಅವ್ವ ಒಬ್ಬಳೇ. ಒಂದು ವರ್ಷ ಅವಳ ಬಲ ರಟ್ಟೆ ಮೇಲೆತ್ತಲು ಬರದಾಯಿತು. ಸೀರೆಯ ಸೆರಗು ಹೊದ್ದುಕೊಳ್ಳಲೂ ನನ್ನನ್ನು ಕರೆಯುತ್ತಿದ್ದಳು. ಮುಂದಿನ ಹಿಂಗಾರಿಗೆ ಅಪ್ಪ ಕಡಲೆ ಬಿತ್ತಿದ. ನಮ್ಮ ಮನೆಯಲ್ಲಿ 10,000 ವರ್ಷದ ಕತೆ ನಿಂತದ್ದು ಅಷ್ಟಕ್ಕೇ.

ಅವತ್ತು ಮಧ್ಯಾಹ್ನ ಅವ್ವನ ಪ್ರಶ್ನೆಯನ್ನು ಗೆಳತಿಗೆ ಕೇಳಿದೆ. "ಈಗ ಮಿಲ್ಲುಗಳಿರಬೇಕು, ನನಗೆ ಸರಿಯಾಗಿ ಗೊತ್ತಿಲ್ಲ" ಅಂದಳು. ಆದರೆ ಒಂದು ವಿಷಯ ಹೇಳಿದಳು. ಕೆಶ್ಕೆಕ್ ಅಂತ ಅವರಲ್ಲಿ ಒಂದು ಅಡುಗೆ ಇದೆ. ಗೋಧಿ ಮತ್ತು ಮಾಂಸ ಸೇರಿಸಿ ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸುವುದು, ಮದುವೆ ಹಬ್ಬಗಳಿಗೆ. ಅದರ ಗೋಧಿಯನ್ನು ಹಿಂದಿನ ದಿನ ಕಲ್ಲಿನ ದೊಡ್ಡ ಒರಳಿಗೆ ತಂದು, ಇಬ್ಬರಿಂದ ನಾಲ್ವರು ಮರದ ಕೊಡತಿ ಹಿಡಿದು ತಾಳಕ್ಕೆ ಸರಿಯಾಗಿ ಕುಟ್ಟಿ ಹೊಟ್ಟು ಬಿಡಿಸುತ್ತಾರೆ. ಪಕ್ಕದಲ್ಲಿ ಡೋಲು, ಶಹನಾಯಿಯಂಥ ಜುರ್ನಾ ಬಾರಿಸುತ್ತಾರೆ. ಅಡುಗೆಗೆ ಹೆಂಗಸರು ಗಂಡಸರು ಎಲ್ಲರೂ ಸೇರುತ್ತಾರೆ. 2011ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಊರಿಗೆ ಬಂದ ಮೇಲೆ ಅವ್ವನಿಗೆ ಇದನ್ನು ಹೇಳಿದೆ. "ನಮಗ ಡೊಳ್ಳು ಬ್ಯಾಡ, ಒನಕಿ ಹಿಡಿಯಾವ್ರು ಬರ್ಲಿ" ಅಂದಳು.

ಈಗ ಜವೆಗೆ ಮತ್ತೆ ಬೇಡಿಕೆ ಬಂದಿದೆ. ಶುಗರ್ ಇದ್ದವರು ಕೇಳಿ ಒಯ್ಯುತ್ತಾರೆ, ಪೇಟೆಯ ಅಂಗಡಿಗಳಲ್ಲಿ ಚಂದದ ಪಾಕೀಟಿನಲ್ಲಿ ಸಿಗುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ತಳಿಗಳನ್ನು ಕೊಟ್ಟಿದೆ, ಎತ್ತರದ ಹಳೇ ತಳಿಯ ಹಾಗೆ ಸುಲಭವಾಗಿ ನೆಲಕ್ಕೆ ಬೀಳುವುದಿಲ್ಲ. ಅಪ್ಪನಿಗೂ ಎರಡು ಎಕರೆ ಬಿತ್ತುವ ಮನಸ್ಸಿದೆ. ಅವ್ವ ಮಾತ್ರ ಒಂದು ಕರಾರು ಹಾಕಿದ್ದಾಳೆ: "ಸುಲಿಯೋ ಮಿಷನ್ ಎಲ್ಲೈತಿ ಅಂತ ಮೊದ್ಲ ಹೇಳ್ರಿ. ಆಮ್ಯಾಲೆ ಬೀಜಾ ತರ್ರಿ."

ಹಾಗಾಗಿ ಈ ಸಲ ನಾನು ಯಾರನ್ನೂ ಬೈಯುವುದಿಲ್ಲ. ಒಂದು ಮಾತು ಕೇಳುತ್ತೇನೆ. ನವಲಗುಂದ, ನರಗುಂದ, ಅಣ್ಣಿಗೇರಿ ಸುತ್ತಮುತ್ತ ಜವೆ ಗೋಧಿಯ ಹೊಟ್ಟು ಬಿಡಿಸುವ ಮಿಷನ್ ನಿಮಗೆ ಗೊತ್ತಿದ್ದರೆ ತಿಳಿಸಿ. ಯಾವ ಊರು, ಚೀಲಕ್ಕೆ ಎಷ್ಟು ತಗೋತಾರೆ, ಕಾಳು ಒಡೆಯುತ್ತದೋ ಇಲ್ಲವೋ, ಅಷ್ಟು ಬರೆದರೆ ಸಾಕು.

ಅವ್ವ ಕೇಳುತ್ತಿದ್ದಾಳೆ.