ಕರೆಂಟು ಕಾಯೋ ಹೊತ್ತು

ನಿನ್ನೆ ತ್ರೀ ಫೇಸ್ ಬಂದಿದ್ದು ರಾತ್ರಿ 11ರ ಮೇಲೆ. ಅಲ್ಲೀವರೆಗೂ ಪಂಪ್‌ಸೆಟ್ ಮನೆ ಮುಂದೆ ಗೋಣಿಚೀಲ ಹಾಸ್ಕೊಂಡು ಫೋನಲ್ಲಿ 'ಬಂಗಾರದ ಮನುಷ್ಯ' ನೋಡ್ತಾ ಕೂತಿದ್ದೆ. 1972ರ ಸಿನಿಮಾ. ಚಿಕ್ಕವನಾಗಿದ್ದಾಗ ಟೆಂಟಲ್ಲಿ ಅಪ್ಪನ ಪಕ್ಕ ನೆಲದ ಮೇಲೆ ಕೂತು ನೋಡಿದ್ದೆ. ರಾಜಣ್ಣ ಬಂಡೆ ಒಡೆದು ಹೊಲ ಮಾಡಿದ್ದು ನೋಡಿ ಅಪ್ಪ ಅಂದಿದ್ದು ಇಷ್ಟೇ: "ಒಂದೇ ಹಾಡಿಗೆ ಕೆಲ್ಸ ಮುಗೀತಲ್ಲಪ್ಪ!"

ಹೇಳ್ಬೇಕು ಅಂದ್ಕೊಂಡಿದ್ದು ಬೇರೆ ವಿಷಯ. ಗೃಹಲಕ್ಷ್ಮಿ ದುಡ್ಡಿನ ಬಗ್ಗೆ ಟೀ ಅಂಗಡೀಲಿ ಎಲ್ಲರಿಗಿಂತ ಜೋರಾಗಿ ಮಾತಾಡ್ತಿದ್ದವನು ನಾನೇ. "ತಿಂಗಳಿಗೆ 2000 ಬಿಟ್ಟಿ ಕೊಟ್ರೆ ಕಳೆ ಕೀಳೋಕೆ ಯಾರು ಬರ್ತಾರೆ?" ಅಂತ. ನಾಲ್ಕು ಜನ ಹೌದೌದು ಅಂತಿದ್ರು, ನನಗೂ ಹುರುಪು.

ಹೋದ ತಿಂಗಳು ವೋಲ್ಟೇಜ್ ಇಲ್ಲದೆ ಮೋಟ್ರು ಸುಟ್ಟೋಯ್ತು. ಎತ್ತಿ, ವೈಂಡಿಂಗ್ ಮಾಡ್ಸಿ, ಇಳಿಸೋಕೆ 9500. ಸೊಸೈಟಿ ಸಾಲ ಇನ್ನೂ ತೀರಿಲ್ಲ, ಕೈಸಾಲ ಕೇಳಿದ ಕಡೆಯೆಲ್ಲಾ ಇಲ್ಲ ಅಂದ್ರು. ಎರಡು ವರ್ಷದ ಅಡಿಕೆ ಸಸಿ, ಗರಿ ಹಳದಿ ತಿರುಗ್ತಾ ಇತ್ತು. ನಾಲ್ಕನೇ ದಿನ ಮನೆಯವಳು ಬ್ಯಾಂಕಿಗೆ ಹೋಗಿ ಬಂದು 10,000 ಜಗುಲಿ ಮೇಲಿಟ್ಲು. "ಬಿಟ್ಟಿ ದುಡ್ಡೇ, ತಗೊಳ್ಳಿ" ಅಂದ್ಲು. ನನಗೆ ಏನನ್ನೋದು ತೋಚಲಿಲ್ಲ. ತಗೊಂಡೆ.

ಹಂಗಂತ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ ಕಣ್ರೀ. ಹಗಲು 7 ಗಂಟೆ ಸರಿಯಾದ ಕರೆಂಟು ಕೊಟ್ಟಿದ್ರೆ ಮೋಟ್ರು ಸುಡ್ತಾನೇ ಇರ್ಲಿಲ್ಲ, ನಾನು ರಾತ್ರಿ ಹಾವಿನ ಜೊತೆ ಓಡಾಡೋದೂ ತಪ್ತಿತ್ತು. ಆದ್ರೆ ಆ ಸಸಿ ಉಳಿದಿದ್ದು ಯಾವ ದುಡ್ಡಲ್ಲಿ ಅಂತ ನನಗೆ ಗೊತ್ತು.

ಕಾಯಿ ಮಾರಿದ ಮೇಲೆ ವಾಪಸ್ ಕೊಡ್ಬೇಕು ಅಂದಿದ್ದಾಳೆ, ಲೆಕ್ಕ ಗೋಡೆ ಕ್ಯಾಲೆಂಡರಲ್ಲಿ ಬರ್ದಿಟ್ಟವ್ಳೆ. ಟೀ ಅಂಗಡೀಲಿ ಸದ್ಯಕ್ಕೆ ನಾನು ಸಿನಿಮಾ ವಿಷಯ ಮಾತ್ರ ಮಾತಾಡ್ತಿದೀನಿ.