ಹೊಸ ಪಂಥಗಳ ಪಾಠ

ಆರ್‌ಪಿಸಿ ಲೇಔಟಿನ ನಿವಾಸಿಯಾದ ನಾನು ಕ್ರೈಸ್ತ ಕಾಲೇಜೊಂದರಲ್ಲಿ ನವೀನ ಧಾರ್ಮಿಕ ಪಂಥಗಳ ವಿಷಯವನ್ನು ಬೋಧಿಸುತ್ತೇನೆ. ಉದಾಹರಣೆಗಾಗಿ ದೂರ ಹೋಗಬೇಕಾದುದಿಲ್ಲ. ರಾಜಾಜಿನಗರದ ಗುಡ್ಡದ ಮೇಲೆ 1997ರಲ್ಲಿ ಉದ್ಘಾಟನೆಯಾದ ಇಸ್ಕಾನ್ ಮಂದಿರವಿದೆ. ಆ ಸಂಸ್ಥೆ ಜನಿಸಿದುದು 1966ರಲ್ಲಿ, ನ್ಯೂಯಾರ್ಕಿನಲ್ಲಿ. ಪಾಶ್ಚಾತ್ಯರ ಗ್ರಂಥಗಳಲ್ಲಿ ಅದು ಹೊಸ ಪಂಥ. ನಮ್ಮ ನೆರೆಮನೆಯ ಅಜ್ಜಿಗೆ ಕೃಷ್ಣನ ಗುಡಿ, ಅಷ್ಟೆ. ಚೈತನ್ಯರ ಭಕ್ತಿಮಾರ್ಗ ಐದುನೂರು ವರ್ಷಗಳಷ್ಟು ಹಳೆಯದಾದುದರಿಂದ ಅಜ್ಜಿಯ ಮಾತೂ ತೆಗೆದುಹಾಕತಕ್ಕುದಲ್ಲ.

ವಿದ್ಯಾರ್ಥಿಗಳಿಗೆ ನಿಜವಾಗಿ ಕಠಿನವಾಗುವುದು ತಮ್ಮ ಬೈಬಲನ್ನೇ ಹಿಡಿದು ಬಾಗಿಲಿಗೆ ಬರುವ ಯೆಹೋವನ ಸಾಕ್ಷಿಗಳ ಪಾಠ. ಇವರನ್ನು ಖಂಡಿಸುವ ಬಗೆ ಯಾವುದೆಂದೇ ಮೊದಲ ಪ್ರಶ್ನೆ. ಆಗ ನಾನು ಕೇರಳದ ಮೂವರು ಮಕ್ಕಳ ವೃತ್ತಾಂತವನ್ನು ಹೇಳುವುದುಂಟು. ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತರೂ ಹಾಡಲಿಲ್ಲವೆಂದು 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಿದರು. ಮರಳಿ ಸೇರಿಸಿಕೊಳ್ಳಬೇಕೆಂದು 1986ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅನುಯಾಯಿಯೇ ಕೇಳಿ ಹೌದೆನ್ನುವಂತೆ ಆತನ ಮತವನ್ನು ಹೇಳಬಲ್ಲವನಿಗೆ ಮಾತ್ರ ಖಂಡನೆಯ ಅಧಿಕಾರವೆಂಬುದು ನನ್ನ ತರಗತಿಯ ನಿಯಮ.

ಕಳೆದ ವರ್ಷ ಒಬ್ಬ ವಿದ್ಯಾರ್ಥಿ ಪಾಠ ಮುಗಿದ ಮೇಲೂ ಕುಳಿತೇ ಇದ್ದನು. ಅವನ ಅಕ್ಕ ಆ ಪಂಥವನ್ನು ಸೇರಿದಂದಿನಿಂದ ಮನೆಯಲ್ಲಿ ಅವಳ ಹೆಸರೆತ್ತುವಂತಿಲ್ಲವಂತೆ. ಅವನಿಗೆ ಬೇಕಾದುದು ಖಂಡನೆಯಲ್ಲ. ಅಕ್ಕ ಕ್ರಿಸ್‌ಮಸ್ಸನ್ನು ಏಕೆ ಬಿಟ್ಟಳೆಂಬುದು. ಕ್ರಿಸ್ತನ ಜನ್ಮದಿನವನ್ನು ಆಚರಿಸಿರೆಂಬ ಆಜ್ಞೆ ಬೈಬಲಿನಲ್ಲಿಲ್ಲವೆಂಬುದೂ ಆ ಹಬ್ಬದ ಮೂಲ ಅನ್ಯಮತಗಳದೆಂಬುದೂ ಅವರ ವಾದವೆಂದು ವಿವರಿಸಿದೆನು. “ಹಾಗಾದರೆ ನಮ್ಮ ಮೇಲಣ ಕೋಪದಿಂದಲ್ಲವೆ, ಸಾರ್?” ಎಂದು ಎರಡು ಬಾರಿ ಕೇಳಿದನು. ಆ ಡಿಸೆಂಬರಿನಲ್ಲಿ ಅಕ್ಕನಿಗೆ ಕಾಗದ ಬರೆದನೆಂದು ತಿಳಿಯಿತು.